ಸುಣ್ಣ, ಡಿಸ್ಟೆಂಪರ್, ಎಮಲ್ಷನ್: ಒಂದೇ ಗೋಡೆಗೆ ಮೂರನ್ನೂ ಬಳಿದು ನೋಡಿದೆ

ಮೂಡಿಗೆರೆ ಕಡೆಯ ಮನೆಗೆ ಬಳಿದ ಬಣ್ಣ ಚೆನ್ನಾಗಿದೆಯೋ ಇಲ್ಲವೋ ಅಂತ ಹೇಳಬೇಕಾದರೆ ಅದರ ಮೇಲೆ ಒಂದು ಮಳೆಗಾಲ ಹೋಗಬೇಕು. ಬಳಿದ ವಾರ ಎಲ್ಲವೂ ಚೆಂದವೇ. ಹಾಗಾಗಿ ಇಷ್ಟು ದಿನ ಸುಮ್ಮನಿದ್ದೆ.

ನಾನು ಹಾಸನದಲ್ಲಿ ಕೆಲಸಕ್ಕಿರುವವನು, ಅಪ್ಪ ಅಮ್ಮ ಊರಿನ ಹಂಚಿನ ಮನೆಯಲ್ಲಿದ್ದಾರೆ. ಮುಂದಿನ ಭಾಗ ಸುಣ್ಣದ ಗಾರೆ ಹಾಕಿ ಕಟ್ಟಿದ ದಪ್ಪ ಇಟ್ಟಿಗೆ ಗೋಡೆ. ಹಿಂದಿನ ಕೋಣೆಗಳು ಆಮೇಲೆ ಸಿಮೆಂಟಿನಲ್ಲಿ ಆದವು. ಕಳೆದ ಫೆಬ್ರವರಿಯಲ್ಲಿ ಬಣ್ಣ ಹೊಡೆಸೋಣ ಅಂದರೆ ಜನ ಎಲ್ಲಿ? ರೊಬಸ್ಟಾ ಕಾಫಿ ಕೊಯ್ಲಿನ ಹೊತ್ತಲ್ಲಿ ಕೈಕಾಲು ಗಟ್ಟಿಯಿರುವವರೆಲ್ಲ ತೋಟದಲ್ಲಿರುತ್ತಾರೆ. ಬಾಕಿಯಿದ್ದ ರಜೆ ಹಾಕಿ ನಾನೇ ಏಣಿ ಹತ್ತಿದೆ.

ಯಾವ ಬಣ್ಣ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಮಾತು. ಅಮ್ಮನಿಗೆ ಸುಣ್ಣವೇ ಆಗಬೇಕು. ಚಿಕ್ಕಪ್ಪ ಡಿಸ್ಟೆಂಪರ್ ಸಾಕು ಅಂದರು. ಚಿಕ್ಕಮಗಳೂರಿನ ಬಣ್ಣದಂಗಡಿಯವರು ‘ಸಾರ್, ಈಗ ಯಾರು ಸುಣ್ಣ ಹೊಡೀತಾರೆ, ಎಮಲ್ಷನ್ ತಗೊಳ್ಳಿ’ ಅಂದರು. ಮಳೆ ಬಂದು ಬಡಿಯುವುದು ಪಡುವಣದ ಗೋಡೆಗೆ. ಹಳೇ ಭಾಗದ ಉಗ್ರಾಣದ ಆ ಗೋಡೆಯ ಒಳಮೈಯನ್ನೇ ಮೂರು ಪಾಲು ಮಾಡಿ ಮೂರನ್ನೂ ಬಳಿದುಬಿಟ್ಟೆ. ಎಮಲ್ಷನ್ನನ್ನು ಹಿಂದಿನ ಸಿಮೆಂಟ್ ಕೋಣೆಗೂ ಹೊಡೆದೆ. ಅಮ್ಮ ಬಂದು ನೋಡಿ, ‘ಕೂಲಿಯವ್ರು ಅರ್ಧಕ್ಕೆ ಬಿಟ್ಟು ಹೋದ ಹಂಗಿದೆ ಕಣೋ’ ಅಂದರು.

ಬಳಿಯುವ ಮುಂಚೆ ಒಂದು ಸಣ್ಣ ಪರೀಕ್ಷೆ ಮಾಡಿ. ಒಂದು ಅಡಿ ಅಗಲದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, 24 ಗಂಟೆ ಬಿಡಿ. ಹಾಳೆಯ ಒಳಮೈಯಲ್ಲಿ ನೀರಿನ ಹನಿ ಕಂಡರೆ ತೇವ ಗೋಡೆಯೊಳಗಿನದು. ಹೊರಮೈಯಲ್ಲಿ ಕಂಡರೆ ಕೋಣೆಯ ಗಾಳಿಯದು, ಕಿಟಕಿ ತೆಗೆದಿಟ್ಟರೆ ಅರ್ಧ ಕೆಲಸ ಆಯಿತು. ನಮ್ಮ ಉಗ್ರಾಣದಲ್ಲಿ ಹನಿ ಒಳಗಡೆಯೇ ಇತ್ತು, ಅದೂ ನೆಲದಿಂದ ಮೂರಡಿಯೊಳಗೆ. ಹಳೇ ಮನೆಗಳ ತಳಪಾಯದ ಮೇಲೆ ತೇವ ತಡೆಯುವ ಪದರ ಹಾಕುತ್ತಿರಲಿಲ್ಲ, ನೆಲದ ನೀರು ಇಟ್ಟಿಗೆ ಹಿಡಿದು ಮೇಲೇರುತ್ತದೆ. ಕೆಳಗೆ ಬರೆದಿರುವುದೆಲ್ಲ ಈ ಮೂರಡಿಯ ಕಥೆಯೇ.

ಡಿಸ್ಟೆಂಪರ್ ಬಗ್ಗೆ ಜಾಸ್ತಿ ಹೇಳುವುದಕ್ಕಿಲ್ಲ. ಸೀಮೆಸುಣ್ಣದ ಪುಡಿಗೆ ಅಂಟು ಸೇರಿಸಿದ ಬಣ್ಣ ಅದು. ಅಗ್ಗ, ಕೈಗೆ ಹಗುರ, ಬೇಗ ಮುಗಿಯುತ್ತದೆ. ಆಗಸ್ಟಿನ ಹೊತ್ತಿಗೆ ಕೆಳಗಡೆ ಬೂಷ್ಟು ಹಿಡಿದು ಬೂದುಬಣ್ಣಕ್ಕೆ ತಿರುಗಿತು, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಬೂಷ್ಟಿನ ಜೊತೆ ಬಣ್ಣವೂ ಬಂತು. ಬಯಲುಸೀಮೆಯ ಒಣ ಮನೆಗೆ, ಬಾಡಿಗೆ ಮನೆಗೆ ಸರಿ. ನಮ್ಮ ಕಡೆಗಲ್ಲ.

ಎಮಲ್ಷನ್ ವಿಷಯ ಹಾಗೆ ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ. ಸಿಮೆಂಟ್ ಕೋಣೆಯಲ್ಲಿ ಅದಕ್ಕೆ ಸಾಟಿಯಿಲ್ಲ. ಮಕ್ಕಳ ಕೈಗುರುತು ಒರೆಸಿದರೆ ಹೋಗುತ್ತದೆ, ಒರಗಿ ಕೂತರೆ ಬೆನ್ನಿಗೆ ಅಂಟುವುದಿಲ್ಲ, ನಾಲ್ಕಾರು ಗಂಟೆ ಬಿಟ್ಟು ಎರಡನೇ ಕೋಟ್ ಹೊಡೆಯಬಹುದು. ರಜೆ ಕಡಿಮೆ ಇರುವವರಿಗೆ ಇದು ಸಣ್ಣ ವಿಷಯವಲ್ಲ. ಆದರೆ ರೋಲರ್ ಹಿಡಿಯುವ ಕೆಲಸ ಎಲ್ಲಕ್ಕಿಂತ ಕೊನೆಯದು. ಹಳೇ ಬಣ್ಣ ಕೆರೆಯಬೇಕು, ಪುಟ್ಟಿ ಹಾಕಬೇಕು, ಒಣಗಿದ ಮೇಲೆ ಸ್ಯಾಂಡ್ ಪೇಪರ್ ಉಜ್ಜಬೇಕು, ಪ್ರೈಮರ್ ಹೊಡೆಯಬೇಕು. ರಜೆಯ ಮುಕ್ಕಾಲು ಪಾಲು ಅಲ್ಲೇ ಕರಗುತ್ತದೆ, ಆ ಬಿಳಿ ಧೂಳು ಮೂಗಿನಿಂದ ಹೋಗುವುದೂ ಇಲ್ಲ. ಹೊಸ ಸಿಮೆಂಟ್ ಗಾರೆಯಾದರೆ ಕನಿಷ್ಠ 28 ದಿನ ಬಿಟ್ಟು ಶುರುಮಾಡಿ.

ಅದೇ ಎಮಲ್ಷನ್ ಉಗ್ರಾಣದ ಗೋಡೆಯಲ್ಲಿ ಜುಲೈಗೇ ಗುಳ್ಳೆ ಎದ್ದಿತು. ಒಣಗಿದ ಮೇಲೆ ಅದು ಗೋಡೆಯ ಮೇಲೊಂದು ತೆಳು ಪ್ಲಾಸ್ಟಿಕ್ ಪೊರೆ. ಒಳಗಿನ ನೀರು ಆಚೆ ಬರಲಾಗದೆ ಪೊರೆಯನ್ನು ಒತ್ತುತ್ತದೆ, ನೀರಿನ ಜೊತೆ ಬಂದ ಉಪ್ಪು ಅಲ್ಲೇ ಹರಳುಗಟ್ಟಿ ಗಾರೆಯನ್ನೂ ಪುಡಿ ಮಾಡುತ್ತದೆ. ಮೂರಡಿಯ ಮೇಲೆ ಬಣ್ಣ ಹೊಸದರಂತಿದೆ, ಕೆಳಗೆ ಹಕ್ಕಳೆ. ದೊಡ್ಡ ಹಕ್ಕಳೆ ಕಿತ್ತರೆ ಹಿಂದೆ ಗಾರೆಯೂ ಅಂಟಿಕೊಂಡು ಬರುತ್ತಿತ್ತು. ನನಗೆ ಬೇಜಾರಾಗಿದ್ದು ಅದಕ್ಕೆ. ಬಣ್ಣ ಹೋದರೆ ಹೋಗಲಿ, ಗೋಡೆ ಯಾಕೆ ಹೋಗಬೇಕು?

ಇನ್ನು ಸುಣ್ಣ. ಬೇಯಿಸಿದ ಸುಣ್ಣದ ಕಲ್ಲು ನೀರಿಗೆ ಬಿದ್ದೊಡನೆ ಕೊತಕೊತ ಕುದಿಯುತ್ತದೆ. ಹಳೇ ಕಬ್ಬಿಣದ ಡ್ರಮ್ಮಿನಲ್ಲಿ ಅರಳಿಸಿ. ಪ್ಲಾಸ್ಟಿಕ್ ಬಕೆಟ್ ಆ ಬಿಸಿಗೆ ಕರಗೀತು. ನೀರಿಗೆ ಕಲ್ಲು ಹಾಕಬೇಕು, ಕಲ್ಲಿನ ಮೇಲೆ ನೀರು ಸುರಿಯಬಾರದು. ಕಣ್ಣಿಗೆ ಕನ್ನಡಕ ಕಡ್ಡಾಯ, ಕೈಗೆ ಕೊಬ್ಬರಿ ಎಣ್ಣೆ ಸವರಿ ಗ್ಲೌಸ್ ಹಾಕಿಕೊಳ್ಳಿ. ರಾತ್ರಿಯಿಡೀ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ ಸ್ವಲ್ಪ ಉಪ್ಪು ಹಾಕಿದೆ. ಗಂಜಿ ಬೆರೆಸುವವರಿದ್ದಾರೆ, ಬೂಷ್ಟಿಗೆ ಊಟ ಹಾಕಿದಂತಾಗುತ್ತದೆ ಅಂತ ನಾನು ಬೆರೆಸಲಿಲ್ಲ. ಬೆಳ್ಳಗೆ ಕಾಣಲೆಂದು ಅಮ್ಮ ಒಂದು ಚಿಟಿಕೆ ನೀಲಿ ಹಾಕಿದರು.

ಗೋಡೆಗೆ ನೀರು ಚಿಮುಕಿಸಿ, ಒದ್ದೆಯಿರುವಾಗಲೇ ಬಳಿಯಬೇಕು. ಬಳಿದ ಕೂಡಲೇ ಏನೂ ಕಾಣುವುದಿಲ್ಲ, ಕೆಳಗಿನ ಕಲೆಯೆಲ್ಲ ಹಾಗೇ ಇರುತ್ತದೆ. ದಪ್ಪಗೆ ಬಳಿಯಲು ಕೈ ತುರಿಸುತ್ತದೆ, ಬಳಿಯಬೇಡಿ, ಬಿರುಕು ಬಿಟ್ಟು ಉದುರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸುಣ್ಣ ಮತ್ತೆ ಕಲ್ಲಾಗುತ್ತದೆ. ಬಿಳುಪು ಬರುವುದು ಮಾರನೇ ದಿನ. ಹೀಗೆ ದಿನಕ್ಕೊಂದರಂತೆ ಮೂರು ಕೋಟ್. ಕೆಲಸ ಸ್ವಲ್ಪ, ಕಾಯುವುದೇ ಜಾಸ್ತಿ. ಬಿಡುವಿನಲ್ಲಿ ನಾನು ಹಂಚಿನ ಮೇಲಿನ ಪಾಚಿ ಕೆರೆದೆ.

ಮಳೆ ಮುಗಿದ ಮೇಲೆ ನೋಡಿದರೆ ಸುಣ್ಣದ ಪಾಲಿನಲ್ಲಿ ತೇವದ ನೆರಳು ಮಾತ್ರ ಇತ್ತು, ಬೂಷ್ಟು ಇರಲಿಲ್ಲ. ಹೊಸ ಸುಣ್ಣದ ಕ್ಷಾರ ಬೂಷ್ಟಿಗೆ ಆಗಿಬರುವುದಿಲ್ಲ, ಮೇಲಾಗಿ ಅದು ಗೋಡೆಯನ್ನು ಉಸಿರಾಡಲು ಬಿಡುತ್ತದೆ. ನವೆಂಬರಿನ ಬಿಸಿಲಿಗೆ ಆ ನೆರಳೂ ಹೋಯಿತು. ಸುಣ್ಣದ ದೋಷ ಇಲ್ಲವೆಂದಲ್ಲ. ಅಂಗಿಗೆ ಅಂಟುತ್ತದೆ, ಎಣ್ಣೆ ಕಲೆ ಬಿದ್ದರೆ ತೊಳೆಯುವಂತಿಲ್ಲ, ವರ್ಷ ಎರಡು ವರ್ಷಕ್ಕೊಮ್ಮೆ ಮತ್ತೆ ಬಳಿಯಬೇಕು. ಆದರೆ ಮತ್ತೆ ಬಳಿಯುವಾಗ ಉದುರಿದ್ದನ್ನು ಗುಡಿಸಿದರೆ ಸಾಕು, ಪುಟ್ಟಿಯ ರಗಳೆಯಿಲ್ಲ.

ಒಂದು ಮಾತು ಅಂಗಡಿಯವರು ಹೇಳುವುದಿಲ್ಲ. ಎಮಲ್ಷನ್ ಹೊಡೆದ ಗೋಡೆಗೆ ಸುಣ್ಣ ಕೂರುವುದಿಲ್ಲ, ಪೂರ್ತಿ ಕೆರೆಯಲೇಬೇಕು. ಹಳೇ ಗಾರೆಯ ಗೋಡೆಗೆ ಮೊದಲು ಸುಣ್ಣ ಬಳಿದು ಒಂದು ಮಳೆ ನೋಡಿ. ಹಿಡಿಸದಿದ್ದರೆ ಎಮಲ್ಷನ್ ಎಲ್ಲೂ ಹೋಗುವುದಿಲ್ಲ, ಸುಣ್ಣ ಕೆರೆದು ಪ್ರೈಮರ್ ಹೊಡೆದರಾಯಿತು. ಸಿಮೆಂಟ್ ಗೋಡೆ ಒಣಗಿದ್ದರೆ ಎಮಲ್ಷನ್ನೇ ಹೊಡೆಯಿರಿ, ಅಲ್ಲಿ ಸುಣ್ಣದ ಹಟ ಬೇಡ.

ದೀಪಾವಳಿಗೆ ಅಂತ ರಜೆ ಹಾಕಬೇಡಿ, ನಮ್ಮ ಕಡೆ ಗೋಡೆಗಳಿನ್ನೂ ಒಣಗಿರುವುದಿಲ್ಲ. ಎಮಲ್ಷನ್ನಿಗೆ ಶಿವರಾತ್ರಿಯಿಂದ ಯುಗಾದಿಯ ತನಕ ಸರಿಯಾದ ಕಾಲ. ಸುಣ್ಣವನ್ನು ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆ ಬಿದ್ದ ಮೇಲೂ ಬಳಿಯಬಹುದು, ಗೋಡೆಗೆ ನೀರು ಹೊಡೆಯುವ ಕೆಲಸ ಸ್ವಲ್ಪ ಕಡಿಮೆಯಾಗುತ್ತದೆ.