ಜಿಟಿಎಕ್ಸ್ 1650, ಆರ್‌ಎಕ್ಸ್ 6500 ಎಕ್ಸ್‌ಟಿ, ಹಳೆ ಆರ್‌ಎಕ್ಸ್ 580: ನಿಮ್ಮ ಪಿಸಿಗೆ ಯಾವ ಗ್ರಾಫಿಕ್ಸ್ ಕಾರ್ಡ್?

ಮೊದಲು ಮದರ್‌ಬೋರ್ಡ್ ನೋಡಿ. 6500 ಎಕ್ಸ್‌ಟಿಗೆ ಇರುವುದು ನಾಲ್ಕೇ ಪಿಸಿಐಇ ಲೇನ್, ಅಂದರೆ ಬೋರ್ಡ್‌ಗೂ ಕಾರ್ಡ್‌ಗೂ ನಡುವೆ ಡೇಟಾ ಓಡಾಡುವ ದಾರಿ. ಪಿಸಿಐಇ 4.0 ಆವೃತ್ತಿಯ ಸ್ಲಾಟ್‌ನಲ್ಲಿ ಚೆನ್ನಾಗಿಯೇ ಓಡುತ್ತದೆ. ಹಳೆ 3.0 ಬೋರ್ಡ್‌ಗೆ ಹಾಕಿದರೆ ಡೇಟಾ ಬರುವ ದಾರಿ ಅರ್ಧ ಆಗುತ್ತದೆ. ಕಾರ್ಡಿನ 4 ಜಿಬಿ ಮೆಮೊರಿ ತುಂಬಿತೋ, ಉಳಿದ ಟೆಕ್ಸ್ಚರ್ (ಆಟದ ವಸ್ತುಗಳ ಮೇಲ್ಮೈ ಚಿತ್ರ)‌ಗಳು ಆ ಸಣ್ಣ ದಾರಿಯಲ್ಲೇ ಬರಬೇಕು. ಆಟದಲ್ಲಿ ತಿರುವು ಬಂದಾಗ ಒಮ್ಮೊಮ್ಮೆ ಚಿತ್ರ ಗಕ್ಕನೆ ನಿಲ್ಲುವುದು ಅದಕ್ಕೇ. ಈಗಾಗಲೇ ಕೊಂಡಿದ್ದರೆ ಆಟದ ಸೆಟ್ಟಿಂಗ್‌ನಲ್ಲಿ ಟೆಕ್ಸ್ಚರ್ ಒಂದು ಹಂತ ಇಳಿಸಿ ನೋಡಿ.

1650ಕ್ಕೆ 16 ಲೇನ್ ಇದೆ, 75 ವ್ಯಾಟ್ ಸಾಕು. ಬಹಳಷ್ಟು ಮಾದರಿಗಳಿಗೆ ಬೇರೆ ಪವರ್ ಕೇಬಲ್ಲೂ ಬೇಡ. ಆಫೀಸಿನ ಹಳೆ ಪಿಸಿಗೆ ನಾನು ಇದನ್ನೇ ಹೇಳುತ್ತೇನೆ.

8 ಜಿಬಿಯ 580 ಸೆಕೆಂಡ್ ಹ್ಯಾಂಡ್ ಸಿಗುತ್ತದೆ, ಮೆಮೊರಿ ಜಾಸ್ತಿ. ಆದರೆ 185 ವ್ಯಾಟ್ ಎಳೆಯುತ್ತದೆ. ಒಳ್ಳೆ ಪವರ್ ಸಪ್ಲೈ ಇದ್ದರೆ ಮಾತ್ರ ತಗೊಳ್ಳಿ. ಕ್ರಿಪ್ಟೊ ಹಣದ ಮೈನಿಂಗ್‌ನಲ್ಲಿ ದುಡಿದ ಕಾರ್ಡ್ ಇರಬಹುದು, ಅರ್ಧ ಗಂಟೆ ಆಟ ಓಡಿಸಿಯೇ ದುಡ್ಡು ಕೊಡಿ.