ಮೂರು ಬಗೆಯ ಲಿವರ್ ಹಾಕಿ ನೋಡಿದೆ: ಪಲ್ಸರ್ 150ಕ್ಕೆ ಯಾವುದು ಸರಿ?

ನನ್ನ ಪಲ್ಸರ್ 150 ಮೊದಲು ಅಣ್ಣನದಾಗಿತ್ತು. 2014ರ ಗಾಡಿ. ಅವನು ಬೆಂಗಳೂರಿಗೆ ಹೋದ ಮೇಲೆ ನನ್ನ ಕೈಗೆ ಬಂತು. ನನಗೆ ತೀರ್ಥಹಳ್ಳಿಯಲ್ಲಿ ಸೊಸೈಟಿ ಕೆಲಸ. ಸಾಲದ ಕಾಗದ ಹಿಡಿದು ತೋಟದಿಂದ ತೋಟಕ್ಕೆ ಓಡಾಟ. ತಿಂಗಳಿಗೆ ಎರಡು ಸಲ ಆಗುಂಬೆ ಘಾಟಿ ಇಳಿದು ಹೆಬ್ರಿಯ ತವರಿಗೆ ಹೋಗುತ್ತೇನೆ.

ಕಳೆದ ಮಳೆಗಾಲದಲ್ಲಿ ಒಬ್ಬರ ಮನೆಯಂಗಳದಲ್ಲಿ ಗಾಡಿ ತಿರುಗಿಸುವಾಗ ಪಾಚಿ ಮೇಲೆ ಕಾಲು ಜಾರಿತು. ಗಾಡಿ ಬಲಕ್ಕೆ ಬಿತ್ತು. ನನಗೇನೂ ಆಗಲಿಲ್ಲ. ಮುಂದಿನ ಬ್ರೇಕಿನ ಲಿವರ್ ಮಾತ್ರ ಹೊರಕ್ಕೆ ಬಗ್ಗಿತು. ಮುರಿಯಲಿಲ್ಲ, ಬಗ್ಗಿತು. ಅದು ಕಂಪನಿಯಿಂದ ಗಾಡಿ ಜೊತೆಗೇ ಬಂದ ಲಿವರ್. ಎಡಗಡೆಯ ಕ್ಲಚ್ ಲಿವರ್ ಕೂಡ ಬೋಲ್ಟ್ ಜಾಗದಲ್ಲಿ ಸವೆದು ಗಡಗಡ ಅನ್ನುತ್ತಿತ್ತು. ಎರಡನ್ನೂ ಒಟ್ಟಿಗೆ ಬದಲಿಸೋಣ ಅಂದುಕೊಂಡೆ. ಅಲ್ಲಿಂದ ನಾಲ್ಕು ತಿಂಗಳಲ್ಲಿ ಮೂರು ಬಗೆಯ ಲಿವರ್ ನನ್ನ ಹ್ಯಾಂಡಲ್ ಮೇಲೆ ಬಂದು ಹೋದವು.

ಮೊದಲು ಹಾಕಿದ್ದು ಸ್ಪೇರ್ಸ್ ಅಂಗಡಿಯ ಲೋಕಲ್ ಮಾಲು. ಒಂದಕ್ಕೆ 80 ರೂಪಾಯಿ. ಪ್ಲಾಸ್ಟಿಕ್ ಕವರಿನಲ್ಲಿತ್ತು. ಪಾರ್ಟ್ ನಂಬರ್ ಇಲ್ಲ, ತಯಾರಿಸಿದವರ ಹೆಸರೂ ಇಲ್ಲ. ಹಾಕಿದ ದಿನವೇ ಬ್ರೇಕ್ ಲಿವರ್ ಮೇಲೆ ಕೆಳಗೆ ಅಲ್ಲಾಡುತ್ತಿತ್ತು. ಬೋಲ್ಟ್ ಹೋಗುವ ತೂತು ಬೋಲ್ಟಿಗಿಂತ ದೊಡ್ಡದು. ಬಿಗಿ ಮಾಡಿದರೆ ಲಿವರ್ ಸಿಕ್ಕಿಹಾಕಿಕೊಳ್ಳುತ್ತದೆ, ಸಡಿಲ ಬಿಟ್ಟರೆ ಅಲ್ಲಾಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಗೊತ್ತಾದದ್ದು ಒಂದು ವಾರ ಬಿಟ್ಟು. ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದ ಸಹೋದ್ಯೋಗಿ, 'ಏನ್ರೀ, ನಿಮ್ಮ ಬ್ರೇಕ್ ಲೈಟೇ ಹತ್ತೋದಿಲ್ಲ' ಅಂದರು. ಕಾಲಿನ ಬ್ರೇಕ್ ಒತ್ತಿದರೆ ಲೈಟ್ ಹತ್ತುತ್ತಿತ್ತು, ಕೈ ಬ್ರೇಕ್ ಒತ್ತಿದರೆ ಇಲ್ಲ. ಲಿವರಿನ ಬುಡದಲ್ಲಿ ಸಣ್ಣ ಸ್ವಿಚ್ ಇರುತ್ತದೆ. ಈ ಲಿವರಿನ ಬುಡದ ಆಕಾರವೇ ಬೇರೆ, ಆ ಸ್ವಿಚ್ಚಿಗೆ ಸರಿಯಾಗಿ ತಾಗುತ್ತಿರಲಿಲ್ಲ. ಮಳೆ, ಮಂಜು, ಹಿಂದೆ ಬಸ್ಸು. ಅಂಥ ರಸ್ತೆಯಲ್ಲಿ ಒಂದು ವಾರ ಹಾಗೇ ಓಡಾಡಿದ್ದೆ. ಅವತ್ತೇ ತೆಗೆಸಿದೆ.

ಎರಡನೆಯದು ಆನ್‌ಲೈನಿನಲ್ಲಿ ತರಿಸಿದ ಅಡ್ಜಸ್ಟ್ ಆಗುವ ಶಾರ್ಟ್ ಲಿವರ್. ಜೋಡಿಗೆ 850 ರೂಪಾಯಿ. ಇದನ್ನು ತರಿಸಿದ್ದಕ್ಕೆ ಕಾರಣವಿದೆ. ನನ್ನ ಕೈ ಚಿಕ್ಕದು. ಕಂಪನಿ ಲಿವರ್ ಹಿಡಿಯಬೇಕೆಂದರೆ ಬೆರಳು ಪೂರ್ತಿ ಚಾಚಬೇಕು. ತೋಟದ ದಾರಿಯಲ್ಲಿ ದಿನವಿಡೀ ಕ್ಲಚ್ ಹಿಡಿದು ಬಿಟ್ಟು ಮಾಡಿದರೆ ಸಂಜೆಗೆ ಹೆಬ್ಬೆರಳ ಬುಡ ನೋಯುತ್ತದೆ. ಈ ಸೆಟ್ಟಿನಲ್ಲಿ ಸಣ್ಣ ಕೀಲಿ ಇತ್ತು. ಆರು ಹಂತ. ತಿರುಗಿಸಿದರೆ ಲಿವರ್ ಗ್ರಿಪ್ಪಿನ ಹತ್ತಿರ ಬರುತ್ತದೆ. ಎರಡನೇ ಹಂತಕ್ಕಿಟ್ಟಾಗ ನನ್ನ ಬೆರಳು ಮೊದಲ ಸಲ ಆರಾಮಾಗಿ ಕೂತವು. ಈ ಒಂದು ವಿಷಯದಲ್ಲಿ ಅದನ್ನು ಮೆಚ್ಚಲೇಬೇಕು. ಕಂಪನಿಯವರು ಇದನ್ನು ಸಾದಾ ಗಾಡಿಗಳಿಗೂ ಕೊಟ್ಟರೆ ಎಷ್ಟು ಹೆಣ್ಣುಮಕ್ಕಳಿಗೆ ಅನುಕೂಲ ಆಗುತ್ತೆ ಅಲ್ವಾ?

ಆದರೆ ಶಾರ್ಟ್ ಲಿವರ್ ಅಂದರೆ ಗಿಡ್ಡ ಲಿವರ್. ಉದ್ದ ಕಮ್ಮಿಯಾದಷ್ಟೂ ಒತ್ತಲು ಬಲ ಜಾಸ್ತಿ ಬೇಕು. ಬೆರಳಿಗೆ ಎಟುಕುವುದೇನೋ ಸುಲಭವಾಯಿತು, ಕ್ಲಚ್ ಮಾತ್ರ ಗಟ್ಟಿಯಾಯಿತು. ತುದಿಯಲ್ಲಿ ಗುಂಡೂ ಇರಲಿಲ್ಲ. ಕಂಪನಿ ಲಿವರಿನ ತುದಿಯಲ್ಲಿರುವ ಗುಂಡು ಅಂದಕ್ಕಲ್ಲ. ಬಿದ್ದಾಗ ತುದಿ ಮೈಗೆ ಚುಚ್ಚಬಾರದು ಅಂತ ಇಟ್ಟದ್ದು.

ಆ ಸೆಟ್ ಹಾಕಿ ಎರಡು ವಾರ ಊರೊಳಗೆ, ತೋಟದ ದಾರಿಯಲ್ಲಿ ಏನೂ ಗೊತ್ತಾಗಲಿಲ್ಲ. ಬ್ರೇಕ್ ಚೆನ್ನಾಗಿಯೇ ಹಿಡಿಯುತ್ತಿತ್ತು. ಲಿವರ್ ಮುಟ್ಟಿದ ತಕ್ಷಣ ಹಿಡಿಯುತ್ತದೆ ಅಂತ ಖುಷಿಯೂ ಆಗಿತ್ತು. ಮುಟ್ಟಿದ ತಕ್ಷಣ ಹಿಡಿಯುವುದೇ ಅದರ ರೋಗ ಅಂತ ಆಮೇಲೆ ತಿಳಿಯಿತು.

ಒಂದು ಶನಿವಾರ ಮಧ್ಯಾಹ್ನ ಘಾಟಿ ಇಳಿಯುತ್ತಿದ್ದೆ. ಮಳೆ ಬಿಟ್ಟಿತ್ತು. ಎರಡನೇ ಗೇರಿನಲ್ಲೇ ಇದ್ದೆ. ಮುಂದೆ ಒಂದು ಮಿನಿ ಬಸ್ ನಿಧಾನಕ್ಕೆ ಹೋಗುತ್ತಿದ್ದರಿಂದ ಪದೇ ಪದೇ ಬ್ರೇಕ್ ಒತ್ತಬೇಕಾಯಿತು. ಮೂರನೇ ತಿರುವು ದಾಟಿದ ಮೇಲೆ ಇಳಿಜಾರಿನಲ್ಲೂ ಗಾಡಿ ಹಿಂದಕ್ಕೆ ಎಳೆದ ಹಾಗಾಯಿತು. ಕೈ ಬಿಟ್ಟರೂ ಬ್ರೇಕ್ ಬಿಡುತ್ತಿಲ್ಲ. ಲಿವರ್ ಕಲ್ಲಿನ ಹಾಗಿದೆ. ಸುಟ್ಟ ವಾಸನೆ. ಹೇಗೋ ಬದಿಗೆ ತಂದು ನಿಲ್ಲಿಸಿದೆ. ಮುಂದಕ್ಕೆ ತಳ್ಳಿದರೆ ಗಾಡಿ ಕದಲುವುದಿಲ್ಲ. ಡಿಸ್ಕ್ ಮೇಲೆ ಬಾಟಲಿಯ ನೀರು ಒಂದು ಹನಿ ಬಿದ್ದದ್ದು ಚುಂಯ್ ಅಂತ ಆರಿ ಹೋಯಿತು. ತಿರುವಿನ ಮಧ್ಯದಲ್ಲಿ, ಒದ್ದೆ ರಸ್ತೆಯಲ್ಲಿ ಆ ಚಕ್ರ ಪೂರ್ತಿ ಕಚ್ಚಿಕೊಂಡಿದ್ದರೆ ಏನಾಗುತ್ತಿತ್ತು ಅಂತ ಈಗಲೂ ನೆನೆಸಿಕೊಳ್ಳಲು ಇಷ್ಟವಿಲ್ಲ.

ಕೆಳಗಿನಿಂದ ಹತ್ತಿ ಬರುತ್ತಿದ್ದ ಓಮ್ನಿ ನಿಂತಿತು. ಡ್ರೈವರ್ ವಯಸ್ಸಾದವರು. 'ಎಂತ ಆಯ್ತು ಅಕ್ಕ?' ಅಂತ ಕೇಳಿ, ಚಕ್ರ ನೋಡಿ, ಲಿವರ್ ನೋಡಿ, 'ಇದು ಹೊಸತಾ?' ಅಂದರು. 'ಲಿವರ್ ಬೋಲ್ಟ್ ತೆಗೆದು ನೋಡುವ ಮಾರಾಯ್ರೆ' ಅಂತ ಸ್ಪ್ಯಾನರ್ ತಂದರು. ಬೋಲ್ಟ್ ಬಿಚ್ಚಿ ಲಿವರ್ ಈಚೆ ಎಳೆದದ್ದೇ ತಡ, ಟಕ್ ಅಂತ ಒಂದು ಸದ್ದು. ಈಗ ತಳ್ಳಿದರೆ ಗಾಡಿ ಹಗುರಾಗಿ ಉರುಳಿತು. ಅರ್ಧ ಗಂಟೆ ಆರಲು ಬಿಟ್ಟು, ಅದೇ ಲಿವರ್ ಹಾಕಿಕೊಂಡು, ಘಾಟಿ ಇಳಿಯದೆ ವಾಪಸ್ ಮೇಲಕ್ಕೆ ಹತ್ತಿದೆ. ಅವರು ಆಗುಂಬೆವರೆಗೂ ನನ್ನ ಹಿಂದೆಯೇ ಬಂದರು. ಅವರ ಹೆಸರು ಕೇಳುವುದೂ ಮರೆತುಹೋಯಿತು.

ಯಾಕೆ ಹೀಗಾಯಿತು ಅಂತ ನಮ್ಮ ಗ್ಯಾರೇಜಿನ ಅಣ್ಣ ತೋರಿಸಿಕೊಟ್ಟರು. ನನ್ನ ಹಳೇ ಬಗ್ಗಿದ ಲಿವರನ್ನೂ ಈ ಹೊಸದನ್ನೂ ಒಂದರ ಮೇಲೊಂದಿಟ್ಟು, ಬೋಲ್ಟಿನ ತೂತುಗಳನ್ನು ಸೇರಿಸಿ ಒಂದೇ ಬೋಲ್ಟ್ ತೂರಿಸಿ ಹಿಡಿದರು. ಲಿವರಿನ ಬುಡದಲ್ಲಿ ಮಾಸ್ಟರ್ ಸಿಲಿಂಡರಿನ (ಬ್ರೇಕ್ ಆಯಿಲನ್ನು ಚಕ್ರದ ಕಡೆಗೆ ತಳ್ಳುವ ಕೊಳವೆ) ಪಿಸ್ಟನ್ ಒತ್ತುವ ಒಂದು ಗುಬುಟು ಇರುತ್ತದೆ. ಹೊಸ ಲಿವರಿನ ಗುಬುಟು ಹಳೆಯದಕ್ಕಿಂತ ಒಂದು ಉಗುರಿನ ದಪ್ಪದಷ್ಟು ಮುಂದೆ ಚಾಚಿತ್ತು. ಅಷ್ಟೇ ವ್ಯತ್ಯಾಸ.

ಆ ಉಗುರಿನ ದಪ್ಪ ಯಾಕೆ ಮುಖ್ಯ ಅಂದರೆ, ಲಿವರ್ ಬಿಟ್ಟಾಗ ಪಿಸ್ಟನ್ ಪೂರ್ತಿ ಹಿಂದಕ್ಕೆ ಬರಬೇಕು. ಬಂದಾಗ ಒಳಗೆ ಒಂದು ಸೂಜಿ ಮೊನೆಯಷ್ಟು ತೂತು ತೆರೆದುಕೊಳ್ಳುತ್ತದೆ. ಬಿಸಿಯಾಗಿ ಉಬ್ಬಿದ ಬ್ರೇಕ್ ಆಯಿಲ್ ಅದರ ಮೂಲಕ ಮೇಲಿನ ಡಬ್ಬಿಗೆ ವಾಪಸ್ ಹೋಗುತ್ತದೆ. ಗುಬುಟು ಪಿಸ್ಟನ್ನನ್ನು ಯಾವಾಗಲೂ ಸ್ವಲ್ಪ ಒತ್ತಿಕೊಂಡೇ ಇದ್ದರೆ ಆ ತೂತು ಮುಚ್ಚಿಯೇ ಇರುತ್ತದೆ. ಆಯಿಲ್ ಉಬ್ಬಿದರೆ ಹೋಗಲು ದಾರಿ ಇಲ್ಲ, ಡಿಸ್ಕ್ ಹಿಡಿಯುವ ಪ್ಯಾಡ್‌ಗಳನ್ನೇ ಒತ್ತುತ್ತದೆ. ಪ್ಯಾಡ್ ಉಜ್ಜಿದಷ್ಟೂ ಬಿಸಿ ಏರುತ್ತದೆ, ಬಿಸಿ ಏರಿದಷ್ಟೂ ಬ್ರೇಕ್ ಬಿಗಿಯಾಗುತ್ತದೆ. ಊರೊಳಗೆ ಅಷ್ಟು ಬಿಸಿಯಾಗುವುದಿಲ್ಲ, ಹಾಗಾಗಿ ಗೊತ್ತಾಗುವುದಿಲ್ಲ. ಘಾಟಿಯಲ್ಲಿ ಗೊತ್ತಾಗುತ್ತದೆ.

'ಅರ ಹಾಕಿ ತೆಗೆದು ಕೊಡ್ತೀರಾ ಅಣ್ಣಾ?' ಅಂತ ಕೇಳಿದೆ. 'ಬ್ರೇಕಿಗೆ ಅರ ಹಾಕೋ ಕೆಲಸ ನಾನು ಮಾಡೋದಿಲ್ಲ ಮೇಡಂ' ಅಂದರು. ಆ ಉತ್ತರ ಕೇಳಿ ಅವರ ಮೇಲಿನ ಗೌರವ ಜಾಸ್ತಿಯಾಯಿತು. ಅವತ್ತು ಹಳೇ ಬಗ್ಗಿದ ಲಿವರನ್ನೇ ವಾಪಸ್ ಹಾಕಿಸಿಕೊಂಡೆ. ನೋಡಲು ಸೊಟ್ಟ. ಆದರೆ ಬುಡ ನೆಟ್ಟಗಿತ್ತು, ಎಲ್ಲೂ ಬಿರುಕು ಕಾಣಲಿಲ್ಲ. ನಿಧಾನವಾಗಿ ಎರಡು ದಿನ ಅದರಲ್ಲೇ ಓಡಿಸಿದೆ. ಬಗ್ಗಿದ್ದನ್ನು ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡಿಸಲು ಮಾತ್ರ ಹೋಗಬೇಡಿ. ಅಲ್ಯೂಮಿನಿಯಂ ಒಂದು ಸಲ ಬಗ್ಗಿ ಮತ್ತೆ ತಿರುಗಿ ಬಗ್ಗಿದರೆ ಬಿರುಕು ಬಿಡುತ್ತದೆ.

ಮೂರನೆಯದು ಕಂಪನಿಯದು. ತೀರ್ಥಹಳ್ಳಿಯಲ್ಲಿ ಸ್ಟಾಕ್ ಇರಲಿಲ್ಲ, ಶಿವಮೊಗ್ಗದಿಂದ ಬರಲು ಎರಡು ದಿನ ಬೇಕಾಯಿತು. ಬ್ರೇಕಿನದು 185, ಕ್ಲಚ್ಚಿನದು 140. ಪ್ಯಾಕೆಟ್ ಮೇಲೆ ಪಾರ್ಟ್ ನಂಬರ್, ಎಂಆರ್‌ಪಿ, ತಯಾರಾದ ತಿಂಗಳು ಎಲ್ಲಾ ಅಚ್ಚಾಗಿದೆ. ಹಾಕಿದ ಮೇಲೆ ಲಿವರನ್ನು ಒಂದು ಬೆರಳಿನಿಂದ ಮುಟ್ಟಿ ನೋಡಿದೆ. ಮೊದಲು ಒಂಚೂರು ಖಾಲಿ ಚಲನೆ, ಆಮೇಲೆ ಪಿಸ್ಟನ್ ಸಿಗುತ್ತದೆ. ಆ ಒಂಚೂರು ಖಾಲಿ ಜಾಗಕ್ಕೇ ನಾನು ದುಡ್ಡು ಕೊಟ್ಟದ್ದು ಅನ್ನಿಸಿತು. ಅಲ್ಲಾಟ ಇಲ್ಲ. ಸಂಜೆ ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ ಬ್ರೇಕ್ ಒತ್ತಿದೆ, ಗೋಡೆ ಮೇಲೆ ಕೆಂಪು ಬೆಳಕು ಬಿತ್ತು. ಆಮೇಲೆ ಐದು ಸಲ ಇದೇ ಘಾಟಿ ಇಳಿದಿದ್ದೇನೆ, ಒಮ್ಮೆಯೂ ಬ್ರೇಕ್ ಕಚ್ಚಿಲ್ಲ.

ಕ್ಲಚ್ ವಿಷಯದಲ್ಲಿ ನಾನು ಇಷ್ಟು ಕಟ್ಟುನಿಟ್ಟಿಲ್ಲ. ಆ ಅಡ್ಜಸ್ಟ್ ಆಗುವ ಕ್ಲಚ್ ಲಿವರನ್ನು ಕೈಗೆ ಹಿತವಾಗಿದೆ ಅಂತ ಇನ್ನೂ ಎರಡು ತಿಂಗಳು ಇಟ್ಟುಕೊಂಡಿದ್ದೆ. ಗ್ರೀಸ್ ಹಚ್ಚಲು ಬಿಚ್ಚಿದಾಗ ಕೇಬಲ್ಲಿನ ಮೂರು ಎಳೆ ತುಂಡಾಗಿದ್ದವು. ಕೇಬಲ್ಲಿನ ಗುಂಡು ಕೂರುವ ಗುಳಿಯ ಅಂಚಿನ ಮೇಲೆ ಬೆರಳು ಆಡಿಸಿದರೆ ಬ್ಲೇಡಿನ ಹಾಗಿತ್ತು. ಗುಂಡು ತಿರುಗದೆ, ಪ್ರತಿ ಸಲ ಕ್ಲಚ್ ಹಿಡಿದಾಗಲೂ ವೈರ್ ಅದೇ ಜಾಗದಲ್ಲಿ ಮಡಚಿಕೊಳ್ಳುತ್ತಿತ್ತು. ಅಗ್ಗದ ಕ್ಲಚ್ ಲಿವರ್ ಹಾಕಲೇಬೇಕು ಅಂದರೆ ಆ ಅಂಚನ್ನು ಉಜ್ಜುಕಾಗದದಲ್ಲಿ ನುಣುಪು ಮಾಡಿಸಿ, ಗ್ರೀಸ್ ಹಚ್ಚಿಸಿ, ತಿಂಗಳಿಗೊಮ್ಮೆ ಬಿಚ್ಚಿ ನೋಡಿ. ಕ್ಲಚ್ ವೈರ್ ಕಿತ್ತುಹೋದರೆ ದಾರಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ, ಅಷ್ಟೇ. ಬ್ರೇಕ್ ಹಾಗಲ್ಲ.

ಈಗ ಎರಡೂ ಕಂಪನಿಯವೇ ಇವೆ. ಚಿಕ್ಕ ಕೈಗೆ ಗ್ಯಾರೇಜಿನಲ್ಲಿ ಒಂದು ಉಪಾಯ ಮಾಡಿಕೊಟ್ಟರು. ಕ್ಲಾಂಪ್ ಸಡಿಲಿಸಿ ಎರಡೂ ಲಿವರನ್ನು ಸ್ವಲ್ಪ ಕೆಳಕ್ಕೆ ತಿರುಗಿಸಿದರು. ಮುಂಗೈ, ಮಣಿಕಟ್ಟು, ಬೆರಳು ಒಂದೇ ಗೆರೆಗೆ ಬಂದವು. ಆರು ಹಂತದ ಕೀಲಿಯಷ್ಟು ಸುಖ ಇಲ್ಲ, ಆದರೆ ಸಂಜೆಯ ನೋವು ಕಮ್ಮಿಯಾಗಿದೆ. ಅದಕ್ಕೆ ಅವರು ದುಡ್ಡು ತೆಗೆದುಕೊಳ್ಳಲಿಲ್ಲ.

ಅಂಗಡಿಗೆ ಹೋಗುವಾಗ ಹಳೇ ಲಿವರ್ ಜೊತೆಗಿರಲಿ, ಗಾಡಿಯ ಇಸವಿ ಹೇಳಿ. ಒಂದೇ ಹೆಸರಿನ ಗಾಡಿಯಲ್ಲೂ ಇಸವಿ ಬದಲಾದಂತೆ ಲಿವರ್ ಬದಲಾಗಿರುತ್ತದೆ. ಡಿಸ್ಕಿನದು ಬೇರೆ, ಡ್ರಮ್ಮಿನದು ಬೇರೆ. 2019ರ ಏಪ್ರಿಲ್ ನಂತರದ ಸ್ಕೂಟರ್ ಆದರೆ ಇನ್ನೂ ಎಚ್ಚರ ಬೇಕು. 125 ಸಿಸಿವರೆಗಿನ ಹೆಚ್ಚಿನವಕ್ಕೆ ಸಿಬಿಎಸ್ ಇರುತ್ತದೆ, ಅಂದರೆ ಎಡಗೈ ಲಿವರ್ ಒಂದೇ ಎರಡೂ ಚಕ್ರದ ಬ್ರೇಕ್ ಎಳೆಯುತ್ತದೆ. ಹಳೇ ಮಾದರಿಯ ಲಿವರ್ ಅದಕ್ಕೆ ನಡೆಯುವುದಿಲ್ಲ.

ಬಗ್ಗಿದ ಹಳೇ ಲಿವರನ್ನು ಬಿಸಾಡಿಲ್ಲ. ಹಳೇ ಪಂಚೆ ತುಂಡಿನಲ್ಲಿ ಸುತ್ತಿ, ಒಂದು ಸ್ಪ್ಯಾನರ್ ಜೊತೆಗೆ ಬ್ಯಾಗಿನಲ್ಲಿ ಇಟ್ಟಿದ್ದೇನೆ. ಘಾಟಿ ಇಳಿಯುವ ದಿನ ಅದು ಜೊತೆಗೆ ಬರುತ್ತದೆ.