ವಾಲ್ವ್ ಕವರಿಗೆ ಪಾಲಿಶಾ, ಪೌಡರ್ ಕೋಟಿಂಗಾ, ರಿಂಕಲ್ ಪೇಂಟಾ?

ಹಳೆ ಕಾರಿನ ಬಾನೆಟ್ ಎತ್ತಿದರೆ ಮೊದಲು ಕಣ್ಣಿಗೆ ಬೀಳುವುದೇ ವಾಲ್ವ್ ಕವರ್, ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳ. ಅದನ್ನು ಚೆಂದ ಮಾಡಲು ಪಾಲಿಶ್, ಪೌಡರ್ ಕೋಟಿಂಗ್, ರಿಂಕಲ್ ಪೇಂಟ್ ಮೂರನ್ನೂ ಮಾಡಿ ನೋಡಿದ್ದೇನೆ. ಎರಕದ ಅಲ್ಯೂಮಿನಿಯಂ ಕವರ್ ಆದರೆ ನನ್ನ ಓಟು ಒಣಗುವಾಗ ಸುಕ್ಕುಗಟ್ಟುವ ರಿಂಕಲ್ ಪೇಂಟಿಗೆ.

ಪಾಲಿಶ್ ಮಾಡಿದ್ದು ನೋಡಲು ತುಂಬಾ ಚೆಂದ, ಅದರಲ್ಲಿ ಎರಡು ಮಾತಿಲ್ಲ. 240ರ ಎಮರಿ ಪೇಪರಿನಿಂದ ಶುರು ಮಾಡಿ 400, 600, 800 ಅಂತ ಉಜ್ಜಿ, ಆಮೇಲೆ ತಿರುಗುವ ಬಟ್ಟೆ ಚಕ್ರದಲ್ಲಿ ಬಫಿಂಗ್. ಕೈ ಸೋತುಹೋಗುತ್ತದೆ. ಅಷ್ಟು ಮಾಡಿದರೂ ಬರಿ ಅಲ್ಯೂಮಿನಿಯಂ ಮತ್ತೆ ಮಂಕಾಗುತ್ತದೆ, ಆಗಾಗ ತಿಕ್ಕುತ್ತಲೇ ಇರಬೇಕು. ಪ್ರದರ್ಶನದ ಕಾರಿಗೆ ಸರಿ, ದಿನಾ ಓಡಿಸುವ ಕಾರಿಗೆ ಬೇಡ.

ಪೌಡರ್ ಕೋಟಿಂಗ್, ಅಂದರೆ ಬಣ್ಣದ ಪುಡಿ ಹಾಕಿ ಓವನ್ನಿನಲ್ಲಿ ಬೇಯಿಸುವುದು, ಗಟ್ಟಿ. ಸ್ಪ್ಯಾನರ್ ತಗುಲಿದರೂ ಬೇಗ ಚಕ್ಕೆ ಏಳುವುದಿಲ್ಲ, ಎಣ್ಣೆ ಚೆಲ್ಲಿದರೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ತೊಂದರೆ ಎಲ್ಲಿ ಅಂದರೆ, ಹಳೆ ಎರಕದ ಸಣ್ಣ ಸಣ್ಣ ರಂಧ್ರಗಳಲ್ಲಿ ವರ್ಷಗಟ್ಟಲೆ ಎಣ್ಣೆ ಇಳಿದಿರುತ್ತದೆ. ಪೌಡರ್ ಬೇಯುವುದು ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ಬಿಸಿಗೆ ಒಳಗಿನ ಎಣ್ಣೆ ಮತ್ತು ಗಾಳಿ ಉಬ್ಬಿ ಹೊರಗೆ ಬಂದು, ಕೋಟಿಂಗಿನ ಮೇಲೆ ಸೂಜಿ ಚುಚ್ಚಿದ ಹಾಗೆ ತೂತುಗಳು ಬೀಳುತ್ತವೆ. ಪೌಡರ್ ಹಾಕುವ ಮೊದಲೇ ಕವರನ್ನು ಒಮ್ಮೆ ಖಾಲಿ ಬೇಯಿಸಿ ಅಂತ ಹೇಳಿ ಮಾಡಿಸಿ. ಆಗ ಫಲಿತಾಂಶದಲ್ಲಿ ಎದ್ದು ಕಾಣುವ ವ್ಯತ್ಯಾಸ ಇರುತ್ತದೆ.

ಒಂದು ಎಚ್ಚರಿಕೆ. ಹಳೆ ಬಣ್ಣ ತೆಗೆಯಲು ಬ್ಲಾಸ್ಟಿಂಗ್ (ಮರಳನ್ನು ಗಾಳಿಯಲ್ಲಿ ಜೋರಾಗಿ ಊದುವುದು) ಮಾಡಿಸುವುದಾದರೆ ಒಳಗಿನ ಬ್ಯಾಫಲ್ ಪ್ಲೇಟ್ (ಎಣ್ಣೆ ಎರಚದಂತೆ ತಡೆಯುವ ತಗಡು) ಬಿಚ್ಚಿಸಿ. ಬಿಚ್ಚಲು ಆಗದಿದ್ದರೆ ಬ್ಲಾಸ್ಟಿಂಗ್ ಬಿಟ್ಟುಬಿಡಿ, ಪೇಂಟ್ ರಿಮೂವರ್ ಸಾಕು. ಆ ಪ್ಲೇಟಿನ ಹಿಂದೆ ಸಿಕ್ಕಿಕೊಂಡ ಮರಳು ಆಮೇಲೆ ಎಣ್ಣೆಗೆ ಬಿದ್ದರೆ ಬೇರಿಂಗ್‌ಗಳ ಕಥೆ ಮುಗಿಯಿತು. ಕಾಸ್ಟಿಕ್ ಇರುವ ಓವನ್ ಕ್ಲೀನರ್ ಕೂಡ ಬೇಡ, ಅದು ಅಲ್ಯೂಮಿನಿಯಂ ಅನ್ನೇ ತಿನ್ನುತ್ತದೆ.

ಈಗ ರಿಂಕಲ್ ಪೇಂಟ್. ಇದರ ಸುಕ್ಕು ಎರಕದ ಸಣ್ಣ ಕಲೆ, ಗೀರು ಎಲ್ಲವನ್ನೂ ಮುಚ್ಚಿಬಿಡುತ್ತದೆ, ಹಾಗಾಗಿ ಗಂಟೆಗಟ್ಟಲೆ ಉಜ್ಜುವ ಕೆಲಸ ಇಲ್ಲ. ಜಿಡ್ಡು ಮಾತ್ರ ಒಂದು ಚೂರೂ ಇರಬಾರದು. ಮೂರು ದಪ್ಪ ಕೋಟ್ ಹಾಕಬೇಕು: ಒಂದು ಅಡ್ಡ, ಒಂದು ಉದ್ದ, ಒಂದು ಓರೆ, ನಡುವೆ ಐದು ನಿಮಿಷ ಬಿಟ್ಟು. ತೆಳ್ಳಗೆ ಹೊಡೆದರೆ ಸುಕ್ಕೇ ಏಳುವುದಿಲ್ಲ. ಆಮೇಲೆ ಹೀಟ್ ಗನ್ ಹಿಡಿದು ನಿಂತರೆ, ನುಣ್ಣಗಿದ್ದ ಬಣ್ಣ ಕಣ್ಣೆದುರೇ ಮೆಲ್ಲಗೆ ಮುದುರಿಕೊಳ್ಳುತ್ತಾ ಹೋಗುತ್ತದೆ, ಅದನ್ನು ನೋಡುವುದೇ ಒಂದು ಖುಷಿ. ಚೆನ್ನಾಗಿ ಒಣಗಿದ ಮೇಲೆ ಎದ್ದ ಅಕ್ಷರ ಮತ್ತು ಪಟ್ಟಿಗಳ ತುದಿಯನ್ನಷ್ಟೇ ಮರದ ತುಂಡಿಗೆ ಸುತ್ತಿದ ಎಮರಿಯಿಂದ ಉಜ್ಜಿದರೆ, ಕಪ್ಪಿನ ಮೇಲೆ ಬೆಳ್ಳಗಿನ ಲೋಹ ಹೊಳೆಯುತ್ತದೆ. ಸುಕ್ಕಿನ ಸಂದಿಯಲ್ಲಿ ಧೂಳು ಕೂರುತ್ತದೆ ನಿಜ, ಮೆತ್ತನೆ ಬ್ರಷ್ ಹಿಡಿದರೆ ಹೋಗುತ್ತದೆ. ಬ್ರೇಕ್ ಆಯಿಲ್ ಮಾತ್ರ ತಾಗಿಸಬೇಡಿ, ಬಣ್ಣ ಎದ್ದು ಬರುತ್ತದೆ.

ತಗಡಿನ ಕವರ್ ಆದರೆ ಲೆಕ್ಕ ಬೇರೆ. ಅಲ್ಲಿ ರಂಧ್ರದ ರಗಳೆ ಇಲ್ಲ, ಪೌಡರ್ ಕೋಟಿಂಗೇ ಮಾಡಿಸಿ. ಕೊಡುವ ಮೊದಲು ಕವರನ್ನು ಗಾಜಿನ ಮೇಲೆ ಬೋರಲು ಇಟ್ಟು ನೋಡಿ. ಬೋಲ್ಟ್ ಜಾಸ್ತಿ ಬಿಗಿದು ತೂತಿನ ಸುತ್ತ ಒಳಕ್ಕೆ ಬಗ್ಗಿದ್ದರೆ ಬಡಿದು ಸಮ ಮಾಡಿಸಿ, ಇಲ್ಲವಾದರೆ ಹೊಸ ಗ್ಯಾಸ್ಕೆಟ್ (ಕವರಿನ ಸಂದಿ ಮುಚ್ಚುವ ಪಟ್ಟಿ) ಹಾಕಿದರೂ ಎಣ್ಣೆ ಸೋರುತ್ತಲೇ ಇರುತ್ತದೆ.